ಮನೆಯಲ್ಲೇ ಹತ್ತು ವಿಎಂ ಓಡಿಸಬೇಕಾ? ನಮ್ಮ ಬಿಸಿಲಿಗೆ, ನಮ್ಮ ಕರೆಂಟಿಗೆ ಒಗ್ಗುವ ಯಂತ್ರ ಯಾವುದು

ಒಂದೇ ತಿಂಗಳಲ್ಲಿ ಮೂವರು ಕೇಳಿದರು. ಸಿಂಧನೂರಿನ ಹುಡುಗ, ಬಿಇ ಕೊನೇ ವರ್ಷ: "ಅಣ್ಣಾ, 8 ಜಿಬಿ ಲ್ಯಾಪ್‌ಟಾಪ್ ಐತಿ, ಕುಬರ್ನೆಟೀಸ್ ಕಲೀಬೇಕು, ಹೊಸಾದು ತಗೊಳ್ಳಲೇನು?" (ಕುಬರ್ನೆಟೀಸ್ ಅಂದರೆ ಸಾಫ್ಟ್‌ವೇರನ್ನು ಹಲವು ಯಂತ್ರಗಳಿಗೆ ಹಂಚಿ ಓಡಿಸುವ ವ್ಯವಸ್ಥೆ, ಆ ಒಂದೊಂದು ಯಂತ್ರವೂ ಒಂದು ನೋಡ್.) ಬಳ್ಳಾರಿಯವರೊಬ್ಬರು ನೆಟ್‌ವರ್ಕ್ ಕೆಲಸದಲ್ಲಿದ್ದಾರೆ, ದೊಡ್ಡ ಸರ್ಟಿಫಿಕೇಟ್ ಪರೀಕ್ಷೆಗೆ ಓದುತ್ತಿದ್ದಾರೆ. ಯಾವುದೋ ಕಂಪನಿ ಬಿಟ್ಟುಕೊಟ್ಟ ರ‍್ಯಾಕ್ ಸರ್ವರ್ 128 ಜಿಬಿ ರ‍್ಯಾಮ್ ಸಮೇತ ಅಗ್ಗಕ್ಕೆ ಸಿಗುತ್ತಿದೆಯಂತೆ, ತರಿಸಲಾ ಬೇಡವಾ ಅನ್ನೋದು ಅವರ ಚಿಂತೆ. ಮೂರನೆಯವರು ಕೊಪ್ಪಳದ ಶಿಕ್ಷಕ ದಂಪತಿ. ಮನೆ ಫೋಟೋಗಳ ಬ್ಯಾಕಪ್, ಜಾಹೀರಾತು ತಡೆಯೋ ಒಂದು ಡಿಎನ್‌ಎಸ್ (ವೆಬ್ ವಿಳಾಸ ಹುಡುಕಿಕೊಡುವ ಸೇವೆ), ಟ್ಯಾಲಿ ಇರೋ ಒಂದು ವಿಂಡೋಸ್, ಇವಿಷ್ಟು ಹಗಲು ರಾತ್ರಿ ಓಡುತ್ತಿರಬೇಕು.

ಮೂವರಿಗೂ ಬೇಕಿರೋದು ಒಂದು ಯಂತ್ರದೊಳಗೆ ಹಲವು ಯಂತ್ರ, ಅಂದರೆ ವಿಎಂ (ವರ್ಚುವಲ್ ಮಷೀನ್). ಆದರೆ ಒಬ್ಬರಿಗೆ ಸರಿಯಾದದ್ದು ಇನ್ನೊಬ್ಬರಿಗೆ ದಂಡ. ನಾನು ರಾಯಚೂರಿನಲ್ಲಿ ಕೂತು ಆರೇಳು ವರ್ಷದಿಂದ ಇದೇ ಹುಚ್ಚಿನಲ್ಲಿದ್ದೇನೆ, ದಂಡ ಕಟ್ಟಿಯೂ ಆಗಿದೆ. ಹಾಗಾಗಿ ಯಾವುದನ್ನು ನೋಡಿ ಆರಿಸಬೇಕು ಅನ್ನೋದು ಮೊದಲು, ಯಂತ್ರಗಳ ಮಾತು ಆಮೇಲೆ.

ಮೊದಲು ಎಣಿಸಬೇಕಾದ್ದು ರ‍್ಯಾಮ್

ಅಂಗಡಿಯಲ್ಲಿ ಎಲ್ಲರೂ ಕೇಳೋದು "ಐ5 ಆ, ಐ7 ಆ?" ಅಂತ. ವಿಎಂ ಓಡಿಸುವವರಿಗೆ ಅದು ಮೂರನೇ ಪ್ರಶ್ನೆ. ಸಿಪಿಯು ನಮ್ಮ ಎಡದಂಡೆ ಕಾಲುವೆ ನೀರಿದ್ದ ಹಾಗೆ, ಸರದಿ ಮೇಲೆ ಹತ್ತು ಜನರಿಗೆ ಹರಿಸಬಹುದು. ಕೊನೆ ಭಾಗದವರಿಗೆ ತಡವಾಗುತ್ತೆ, ಅಷ್ಟೇ. ರ‍್ಯಾಮ್ ಮಾತ್ರ ಹೊಲ. ಒಬ್ಬ ಬಿತ್ತಿದ ಜಾಗದಲ್ಲಿ ಇನ್ನೊಬ್ಬ ಬಿತ್ತೋಕಾಗಲ್ಲ. ಒಂದೇ ಓಎಸ್‌ನ ಹತ್ತು ಪ್ರತಿಗಳಿದ್ದರೆ ಒಂದೇ ತರಹದ ಪುಟಗಳನ್ನು ಕೂಡಿಸಿಡುವ ಕೆಎಸ್‌ಎಂ, ಖಾಲಿ ಬಿದ್ದ ಮೆಮೊರಿಯನ್ನು ವಾಪಸ್ ಕೇಳುವ ಬಲೂನಿಂಗ್ ಇವೆ ನಿಜ. ಅವನ್ನು ಉಳಿತಾಯ ಅಂದುಕೊಳ್ಳಿ, ಆದಾಯ ಅಂದುಕೊಳ್ಳಬೇಡಿ.

ಲೆಕ್ಕ ಹಾಕುವಾಗ ನಿಮ್ಮ ಹತ್ತಿರ ಎಷ್ಟು ವಿಎಂ ಇವೆ ಅನ್ನೋದನ್ನ ಬಿಟ್ಟುಬಿಡಿ, ಒಂದೇ ಹೊತ್ತಿಗೆ ಎಷ್ಟು ಆನ್ ಇರಬೇಕು ಅನ್ನೋದನ್ನ ಬರೆಯಿರಿ. ನನ್ನ ನೋಟ್‌ಬುಕ್ಕಿನಿಂದ ಮೂರು ಉದಾಹರಣೆ. ವಿಂಡೋಸ್ ಡೊಮೇನ್ (ಕಚೇರಿಯ ಪಿಸಿಗಳನ್ನೆಲ್ಲ ಒಂದೇ ಕಡೆಯಿಂದ ಆಳುವ ವ್ಯವಸ್ಥೆ) ಕಲಿಯೋಕೆ: ಎರಡು ವಿಂಡೋಸ್ ಸರ್ವರ್, ತಲಾ 4 ಜಿಬಿ, ಎರಡು ವಿಂಡೋಸ್ 11, ಅದರ ಕನಿಷ್ಠವೇ 4 ಜಿಬಿ, ಒಂದು ಲಿನಕ್ಸ್, 2 ಜಿಬಿ. ಅಲ್ಲಿಗೆ 18. ಕೆಳಗೆ ಓಡುವ ಮೂಲ ಓಎಸ್‌ಗೆ ಇನ್ನು 4 ಸೇರಿಸಿ. 16ರಲ್ಲಿ ಆಗಲ್ಲ, 32 ಬೇಕು. ಕುಬರ್ನೆಟೀಸ್: ಕಂಟ್ರೋಲ್ ನೋಡ್‌ಗೆ ಕನಿಷ್ಠ 2 ಜಿಬಿ ಮತ್ತು ಎರಡು ಕೋರ್, ಕೆಲಸದ ನೋಡ್ ಎರಡಕ್ಕೆ ತಲಾ 3 ಕೊಟ್ಟರೂ 8ರಲ್ಲೇ ಮುಗಿಯುತ್ತೆ. 16 ಜಿಬಿ ಯಂತ್ರದಲ್ಲಿ ಬಿಗಿಯಾಗಿ ನಡೆಯುತ್ತೆ, 32ರಲ್ಲಿ ಹಾಯಾಗಿ. ನೆಟ್‌ವರ್ಕ್ ಲ್ಯಾಬ್ ಆದರೆ ಕಥೆ ಬೇರೆ. ಹಳೆ ತರಹದ ರೌಟರ್ ಇಮೇಜ್ (ರೌಟರಿನ ಸಾಫ್ಟ್‌ವೇರ್ ಪ್ರತಿ) ಒಂದಕ್ಕೆ ಅರ್ಧ ಜಿಬಿ ಸಾಕು, ಇಪ್ಪತ್ತು ಹಾಕಿದರೂ 10. ಅದೇ ಸಿಸ್ಕೋದ ವರ್ಚುವಲ್ ರೌಟರ್ ಸಿಎಸ್‌ಆರ್ 1000ವಿ ತರಹದ್ದು ತಲಾ 3–4 ಜಿಬಿ ನುಂಗುತ್ತೆ. ಹತ್ತು ಹಾಕಿದರೆ 40, ಡೇಟಾಸೆಂಟರ್ ಸ್ವಿಚ್ ಇಮೇಜ್ ಬಂದರೆ ಅದೂ ಸಾಲದು. ಅಂಥವರು 64ಕ್ಕಿಂತ ಕೆಳಗೆ ಯೋಚನೆಯನ್ನೇ ಮಾಡಬೇಡಿ.

ಆದ್ದರಿಂದ ಕೊಳ್ಳುವಾಗ ಈಗಿರುವ ರ‍್ಯಾಮ್ ಜೊತೆಗೆ ಸ್ಲಾಟ್ ಎಷ್ಟು, ಗರಿಷ್ಠ ಎಷ್ಟು ಅನ್ನೋದನ್ನೂ ಕೇಳಿ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಕೊಂಡ ದಿನವೇ ಅದರ ಹಣೆಬರಹ ಮುಗಿದಿರುತ್ತೆ. ಇನ್ನೊಂದು, 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜಿಗಿಯಿತು, ಎಐ ಡೇಟಾಸೆಂಟರ್‌ಗಳು ಚಿಪ್ಪನ್ನೆಲ್ಲ ಎಳೆದುಕೊಳ್ಳುತ್ತಿವೆ. ರ‍್ಯಾಮ್ ಸಮೇತ ಬರುವ ಹಳೆ ಯಂತ್ರಕ್ಕೆ ಈಗ ಮೊದಲಿಗಿಂತ ಹೆಚ್ಚು ಅರ್ಥವಿದೆ.

ಡಿಸ್ಕ್, ಆಮೇಲೆ ಸಿಪಿಯು

ನಾನು ಶುರು ಮಾಡಿದ್ದು ಹಳೆ ಡೆಸ್ಕ್‌ಟಾಪ್‌ನ 1 ಟಿಬಿ ಹಾರ್ಡ್ ಡಿಸ್ಕ್ ಮೇಲೆ. ಆರು ವಿಎಂ ಒಟ್ಟಿಗೆ ಚಾಲೂ ಮಾಡಿ ಚಹಾ ಕುಡಿಯೋಕೆ ಹೋದೆ. ಬಂದು ನೋಡಿದರೆ ಡಿಸ್ಕಿನ ಕೆಂಪು ದೀಪ ಆರಿಲ್ಲ, ಮೌಸ್ ಬಾಣ ಪರದೆ ಮಧ್ಯೆ ನಿಂತುಬಿಟ್ಟಿದೆ, ಒಳಗಿಂದ ಕಟಕಟ ಸದ್ದು. ಸಿಪಿಯು ಬಳಕೆ ಮಾತ್ರ ನೂರಕ್ಕೆ ಹನ್ನೆರಡು! ತಿರುಗುವ ಡಿಸ್ಕ್ ಸೆಕೆಂಡಿಗೆ ನೂರರ ಆಸುಪಾಸು ಚದುರಿದ ಓದು-ಬರಹ ಮಾಡಬಲ್ಲದು, ಆರು ಓಎಸ್ ಒಟ್ಟಿಗೆ ಬೂಟ್ ಆಗುವಾಗ ಕೇಳೋದು ಅದರ ಹತ್ತಾರು ಪಟ್ಟು. ಸಾದಾ ಸಾಟಾ ಎಸ್‌ಎಸ್‌ಡಿ ಹಾಕಿದರೂ ಆ ಸಮಸ್ಯೆ ಮಾಯ. ಇನ್ನೂ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಇದ್ದರೆ ಒಳ್ಳೇದು, ಆದರೆ ಸಾಟಾದಿಂದ ಎನ್‌ವಿಎಂಇಗೆ ಹೋಗುವ ಖುಷಿ ಹಾರ್ಡ್ ಡಿಸ್ಕಿನಿಂದ ಸಾಟಾಗೆ ಬಂದಾಗಿನ ಖುಷಿಯ ಮುಂದೆ ಸಣ್ಣದು. ಅಗ್ಗದ ಕ್ಯೂಎಲ್‌ಸಿ ಡ್ರೈವ್ (ಒಂದೇ ಕೋಶದಲ್ಲಿ ನಾಲ್ಕು ಬಿಟ್ ತುರುಕುವ ಎಸ್‌ಎಸ್‌ಡಿ) ಮಾತ್ರ ಬೇಡ, ಉದ್ದನೆಯ ಬರಹದಲ್ಲಿ ಉಸಿರು ಬಿಡುತ್ತೆ. ಗಾತ್ರ 1 ಟಿಬಿ ಇರಲಿ. ವಿಂಡೋಸ್ 11 ಒಂದೇ 64 ಜಿಬಿ ಜಾಗ ಕೇಳುತ್ತೆ. ಹಳೆ ಹಾರ್ಡ್ ಡಿಸ್ಕನ್ನು ಬ್ಯಾಕಪ್‌ಗೆ ಇಟ್ಟುಕೊಳ್ಳಿ, ಎಸೆಯಬೇಡಿ.

ಸಿಪಿಯು ವಿಷಯ ಬೇಗ ಮುಗಿಸುತ್ತೇನೆ. ಕಳೆದ ಹತ್ತು ವರ್ಷದ ಯಾವುದೇ ಐ5 ಅಥವಾ ರೈಜನ್‌ನಲ್ಲಿ ವರ್ಚುವಲೈಸೇಶನ್ ಸೌಲಭ್ಯ ಇದ್ದೇ ಇದೆ, ಕೆಲವೊಮ್ಮೆ ಬಯಾಸ್‌ನಲ್ಲಿ (ಯಂತ್ರ ಚಾಲೂ ಆಗುವಾಗಿನ ಸೆಟಿಂಗ್ ಪರದೆ) ಆಫ್ ಮಾಡಿರುತ್ತಾರೆ ಅಷ್ಟೇ. ಇಂಟೆಲ್‌ನಲ್ಲಿ ವಿಟಿ-ಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ ಅಂತ ಹುಡುಕಿ. ಹಗುರವಾದ ಲ್ಯಾಬ್‌ಗೆ ಒಂದು ಭೌತಿಕ ಕೋರ್ ಮೇಲೆ ಮೂರು ನಾಲ್ಕು ವರ್ಚುವಲ್ ಕೋರ್ ಹಂಚಿದರೂ ತಕರಾರಿಲ್ಲ. 2021ರ ನಂತರದ ಹಲವು ಇಂಟೆಲ್ ಚಿಪ್‌ಗಳಲ್ಲಿ ದೊಡ್ಡ ಕೋರ್, ಸಣ್ಣ ಕೋರ್ ಎರಡೂ ಇರುತ್ತವೆ. ಹಿನ್ನೆಲೆಯಲ್ಲಿರೋ ವಿಎಂ ಅನ್ನು ವಿಂಡೋಸ್ ಕೆಲವೊಮ್ಮೆ ಸಣ್ಣದಕ್ಕೆ ತಳ್ಳಿಬಿಡುತ್ತೆ, ಆಗ ಮುಂದೆ ಕೂತವನಿಗೆ ಕಾರಣವೇ ಗೊತ್ತಾಗಲ್ಲ. ವಿಎಂ ಓಡಿಸೋಕೆ ವರ್ಚುವಲ್‌ಬಾಕ್ಸ್ ಸಾಫ್ಟ್‌ವೇರ್ ಬಳಸುವವರು ಕಿಟಕಿಯ ಕೆಳಗಿನ ಮೂಲೆ ನೋಡಿ. ಅಲ್ಲಿ ಪುಟ್ಟ ಹಸಿರು ಆಮೆ ಕಂಡರೆ ವಿಂಡೋಸ್‌ನ ಸ್ವಂತ ವಿಎಂ ವ್ಯವಸ್ಥೆ ಹೈಪರ್-ವಿ ಒಳಗೊಳಗೇ ಓಡುತ್ತಿದೆ, ನಿಮ್ಮ ವಿಎಂ ನಿಜಕ್ಕೂ ಆಮೆಯಾಗಿದೆ ಅಂತರ್ಥ. ಹೊಸ ಲ್ಯಾಪ್‌ಟಾಪ್‌ಗೆ ದುಡ್ಡು ಸುರಿಯುವ ಮೊದಲು ಆ ಆಮೆಯನ್ನು ಓಡಿಸಿ ನೋಡಿ.

ಬಿಸಿಲು, ದೂಳು, ಕರೆಂಟು

ಬೆಂಗಳೂರಿನವರು ಬರೆಯುವ ಸಲಹೆಗಳಲ್ಲಿ ಈ ಭಾಗ ಇರಲ್ಲ. ನಮಗೆ ಇದೇ ಮುಖ್ಯ.

ಏಪ್ರಿಲ್-ಮೇನಲ್ಲಿ ರಾಯಚೂರು 40 ಡಿಗ್ರಿ ದಾಟೋದು ಸುದ್ದಿಯೇ ಅಲ್ಲ. ಯಂತ್ರದ ಫ್ಯಾನ್ ತಣ್ಣಗಾಗಿಸೋದು ಕೋಣೆಯ ಗಾಳಿಯಿಂದಲೇ. ಕೋಣೆ 28 ಇದ್ದಾಗ 75 ಡಿಗ್ರಿಯಲ್ಲಿರುವ ಚಿಪ್, ಕೋಣೆ 42 ಆದಾಗ 90ಕ್ಕೆ ಮುಟ್ಟುತ್ತೆ. ಇಂಟೆಲ್ ಚಿಪ್ಪು ಸಾಮಾನ್ಯವಾಗಿ 100ರ ಹೊಸ್ತಿಲಲ್ಲಿ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತೆ. ಅಂದರೆ ಮಧ್ಯಾಹ್ನ ಮೂರಕ್ಕೆ ನೀವು ದುಡ್ಡು ಕೊಟ್ಟ ವೇಗ ನಿಮಗೆ ಸಿಗಲ್ಲ. ಯಂತ್ರ ಎಳೆದ ಪ್ರತಿ ವ್ಯಾಟೂ ಕೊನೆಗೆ ಶಾಖವಾಗಿ ಅದೇ ಕೋಣೆಗೆ ಬರುತ್ತೆ. ತಗಡಿನ ಶೀಟ್ ಹೊದಿಸಿದ ಮಹಡಿ ಕೋಣೆ ಬೇಡ. ನನ್ನದು ಕೆಳಮನೆಯ ಗೋಡೆಗೂಡಿನಲ್ಲಿದೆ, ಶಹಾಬಾದ್ ಬಂಡೆ ಮೇಲೆ, ಎರಡೂ ಕಡೆ ಗಾಳಿ ಬಿಟ್ಟು. ಏರ್ ಕೂಲರ್ ಎದುರು ಇಡೋಕೆ ಮನಸ್ಸಾಗುತ್ತೆ, ಇಡಬೇಡಿ. ತುಂತುರು ಒಣಗಿ ಬೋರ್‌ವೆಲ್ ನೀರಿನ ಬಿಳಿ ಪುಡಿ ಬೋರ್ಡ್ ಮೇಲೆ ಕೂರುತ್ತೆ.

ದೂಳಿನ ಬಣ್ಣ ಊರಿಗೊಂದು. ಬಳ್ಳಾರಿ ಕಡೆ ಅದಿರಿನ ಕೆಂಪು, ಗಂಗಾವತಿಯ ಅಕ್ಕಿ ಗಿರಣಿ ಸುತ್ತ ಹೊಟ್ಟಿನ ಪುಡಿ, ನಮ್ಮಲ್ಲಿ ಹತ್ತಿ. ಕಳೆದ ದೀಪಾವಳಿಗೆ ನನ್ನ ಮಿನಿ ಪಿಸಿ ಬಿಚ್ಚಿದರೆ ಹೀಟ್‌ಸಿಂಕಿನ ರೆಕ್ಕೆಗಳ ಮೇಲೆ ತೆಳ್ಳನೆ ಬೂದು ಕಂಬಳಿ ಹಾಸಿತ್ತು, ಚಿಮಟದಲ್ಲಿ ಎತ್ತಿದರೆ ಒಂದೇ ತುಂಡಾಗಿ ಬಂತು. ಅದನ್ನು ತೆಗೆದ ಮೇಲೆ ಚಿಪ್ಪಿನ ಶಾಖ 11 ಡಿಗ್ರಿ ಇಳಿಯಿತು. ಮೂರು ತಿಂಗಳಿಗೊಮ್ಮೆ ಬಿಚ್ಚೋಕಾಗದ ಯಂತ್ರ ನಮ್ಮ ಊರಿಗಲ್ಲ.

ಇನ್ನು ಕರೆಂಟು. ಪಕ್ಕದ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್‌ನ ಸ್ಥಾವರ ಹೊಗೆ ಉಗುಳುತ್ತಿದೆ, ನಮ್ಮ ಓಣಿಯಲ್ಲಿ ಮಾತ್ರ ಮಳೆ ಹನಿ ಬಿದ್ದರೆ ಕತ್ತಲು. ಓಡುತ್ತಿರೋ ವಿಎಂಗೆ ದಿಢೀರ್ ಕತ್ತಲು ಅಂದರೆ ಡಿಸ್ಕ್ ಫೈಲ್ ಹಾಳಾಗುವ ಅಪಾಯ. ನನ್ನದೊಂದು ಡೇಟಾಬೇಸ್ ವಿಎಂ ಹಾಗೇ ಹೋಯಿತು. ಮನೆಗೆ ಇನ್ವರ್ಟರ್ ಇದೆ ಅಂತ ಧೈರ್ಯ ಬೇಡ. ಪಿಸಿಯ ಪವರ್ ಸಪ್ಲೈ ಕರೆಂಟಿಲ್ಲದೆ ತಾಳಿಕೊಳ್ಳೋದು ಸುಮಾರು 16 ಮಿಲಿಸೆಕೆಂಡ್, ಇನ್ವರ್ಟರ್ ಸಾದಾ ಮೋಡ್‌ನಲ್ಲಿ ಬದಲಾಗೋಕೆ ಅದಕ್ಕಿಂತ ಹೆಚ್ಚು ಹೊತ್ತು ತಗೊಳ್ಳಬಹುದು. ಹಿಂದೆ ಒಂದು ಸ್ವಿಚ್ ಇದ್ದರೆ ಯುಪಿಎಸ್ ಮೋಡ್‌ಗೆ ತಿರುಗಿಸಿ, ಇಲ್ಲವೇ ಸಣ್ಣದೊಂದು ಯುಪಿಎಸ್ ಇಡಿ. ಲ್ಯಾಪ್‌ಟಾಪ್‌ಗೆ ಮಾತ್ರ ಈ ಚಿಂತೆಯಿಲ್ಲ, ಅದರ ಹೊಟ್ಟೆಯಲ್ಲೇ ಬ್ಯಾಟರಿ ಇದೆ.

ಬಿಲ್ಲಿನ ಲೆಕ್ಕ ಕೂತು ಮಾಡಿ. 2023ರಿಂದ ಗೃಹಜ್ಯೋತಿ ಇದೆ. ನಿಮ್ಮ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಉಚಿತ ಮಿತಿ ಕಟ್ಟಿರುತ್ತಾರೆ. ಅದನ್ನು ದಾಟಿದರೆ ಹೆಚ್ಚುವರಿ ಯೂನಿಟ್‌ಗೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಮನೆಯ ಬಳಕೆ 120, ಉಚಿತ ಮಿತಿ 130, ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿಯಿರಿ. ಸರಾಸರಿ 15 ವ್ಯಾಟ್ ಎಳೆಯುವ ಮಿನಿ ಪಿಸಿ ತಿಂಗಳಿಡೀ ಓಡಿದರೆ 11 ಯೂನಿಟ್, ಜೇಬಿಗೆ ಗೊತ್ತೇ ಆಗಲ್ಲ. 50 ವ್ಯಾಟ್‌ನ ಟವರ್ 36 ಯೂನಿಟ್, ಅಂದರೆ ನೂರೈವತ್ತು ಚಿಲ್ಲರೆ ರೂಪಾಯಿ. 130 ವ್ಯಾಟ್‌ನ ರ‍್ಯಾಕ್ ಸರ್ವರ್ 94 ಯೂನಿಟ್, ಒಟ್ಟು 214. ಗಡಿ ದಾಟಿತು, 1,300 ರೂಪಾಯಿ ಹತ್ತಿರ ಬಂತು, ನಿಗದಿ ಶುಲ್ಕ ಬೇರೆ.

ಈಗ ಒಂದೊಂದಾಗಿ

ಇರುವ ಲ್ಯಾಪ್‌ಟಾಪನ್ನೇ ಬೆಳೆಸೋದು ಎಲ್ಲಕ್ಕಿಂತ ಅಗ್ಗ. ಎರಡು ಸ್ಲಾಟ್ ಇದ್ದರೆ 32 ಜಿಬಿ, ಜೊತೆಗೊಂದು ಎಸ್‌ಎಸ್‌ಡಿ. ಕಲಿಯುವ ಹುಡುಗರಲ್ಲಿ ಹೆಚ್ಚಿನವರಿಗೆ ಇಷ್ಟೇ ಸಾಕು ಅನ್ನೋದು ನನ್ನ ಅನುಭವ. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ 2024ರಿಂದ ಉಚಿತ, ವರ್ಚುವಲ್‌ಬಾಕ್ಸ್ ಮೊದಲಿಂದಲೂ ಇದೆ. ಹೈಪರ್-ವಿ ಬೇಕಾದರೆ ವಿಂಡೋಸ್ ಹೋಮ್‌ನಲ್ಲಿ ಸಿಗಲ್ಲ. ಆದರೆ ಲ್ಯಾಪ್‌ಟಾಪ್ ಹಗಲು ರಾತ್ರಿ ಓಡಿಸುವ ವಸ್ತುವಲ್ಲ. ಬೇಸಿಗೆಯಲ್ಲಿ ಚಾರ್ಜಿಗೆ ಹಾಕಿಯೇ ಇಟ್ಟರೆ ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೇಳೋದನ್ನು ಎರಡು ಸಲ ನೋಡಿದ್ದೇನೆ. ಆಪಲ್‌ನ ಎಂ ಸರಣಿಯವರಿಗೆ ಒಂದು ಎಚ್ಚರಿಕೆ: ಅಲ್ಲಿ ವೇಗವಾಗಿ ಓಡೋದು ಎಆರ್‌ಎಂ ತರಹದ ಚಿಪ್ಪಿಗೆ ಮಾಡಿದ ಓಎಸ್‌ಗಳು ಮಾತ್ರ, ಸಾದಾ ಇಂಟೆಲ್ ಇಮೇಜ್‌ಗಳು ತೆವಳುತ್ತವೆ.

ಹಳೆ ಮಿನಿ ಪಿಸಿ ನನ್ನ ಅಚ್ಚುಮೆಚ್ಚು, ಪಕ್ಷಪಾತ ಮುಚ್ಚಿಡಲ್ಲ. ಕಚೇರಿಗಳಿಂದ ಹೊರಬರುವ ಥಿಂಕ್‌ಸೆಂಟರ್ ಟೈನಿ, ಆಪ್ಟಿಪ್ಲೆಕ್ಸ್ ಮೈಕ್ರೋ, ಎಲೈಟ್‌ಡೆಸ್ಕ್ ಮಿನಿ. ಇವುಗಳಲ್ಲಿ ಎಂಟನೇ ಪೀಳಿಗೆಯ ಐ5-8500ಟಿ ಇರೋದನ್ನು ಹುಡುಕಿ. ಆರು ಕೋರ್, 35 ವ್ಯಾಟ್‌ನ ಚಿಪ್, ಎರಡು ಸ್ಲಾಟಿನಲ್ಲಿ 64 ಜಿಬಿವರೆಗೆ. ಅದಕ್ಕಿಂತ ಹಿಂದಿನ ಐ5-7500ಟಿ ನಾಲ್ಕೇ ಕೋರ್. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲೂ ಏಳನೇ ಪೀಳಿಗೆಯ ಈ ಚಿಪ್ ಇಲ್ಲ. ವಿಎಂ ಓಡಿಸೋಕೆಂದೇ ಇರುವ ಪ್ರಾಕ್ಸ್‌ಮಾಕ್ಸ್ ಓಎಸ್ ಹಾಕಿ ಗೂಡಿನಲ್ಲಿಟ್ಟರೆ ಮಾನಿಟರ್ ಕೂಡ ಬೇಡ, ಬ್ರೌಸರ್‌ನಿಂದಲೇ ಆಳಬಹುದು. ಕೊರತೆ? ಒಂದೇ ನೆಟ್‌ವರ್ಕ್ ಪೋರ್ಟ್, ಡಿಸ್ಕಿಗೆ ಜಾಗ ಕಡಿಮೆ, ಆರು ಕೋರ್‌ಗೂ ಒಟ್ಟಿಗೆ ಕೆಲಸ ಕೊಟ್ಟರೆ ಮೇ ತಿಂಗಳಲ್ಲಿ ಪುಟ್ಟ ಫ್ಯಾನ್ ಅಳುತ್ತೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಬಯಾಸ್ ತೆರೆಸಿ. ಹಳೆ ಕಂಪನಿಯ ಪಾಸ್‌ವರ್ಡ್ ಕೂತಿದ್ದರೆ ಆ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬನ್ನಿ.

ಇಂಟೆಲ್ ಎನ್‌100 ಚಿಪ್ಪಿನ ಹೊಸ ಪೆಟ್ಟಿಗೆಗಳು ಇನ್ನೂ ತಣ್ಣಗೆ ಓಡುತ್ತವೆ. ಆದರೆ ನಾಲ್ಕು ಸಣ್ಣ ಕೋರ್, ಅಧಿಕೃತವಾಗಿ 16 ಜಿಬಿ. ಮೂರು ನಾಲ್ಕು ಲಿನಕ್ಸ್ ಸೇವೆಗಳಿಗೆ ಸೈ, ವಿಂಡೋಸ್ ಡೊಮೇನ್‌ಗೆ ಅಲ್ಲ.

ನೀವೇ ಜೋಡಿಸುವ ಟವರ್‌ಗೆ ದುಡ್ಡು ಹೆಚ್ಚು, ಆಯಸ್ಸೂ ಹೆಚ್ಚು. ರೈಜನ್ 7 5700ಜಿ ತರಹದ್ದರಲ್ಲಿ ಎಂಟು ಕೋರ್, ಹದಿನಾರು ಥ್ರೆಡ್, ಒಳಗೇ ಗ್ರಾಫಿಕ್ಸ್. ಹೆಸರು ಹತ್ತಿರ ಇರೋ 5700ಎಕ್ಸ್ ತಗೊಂಡರೆ ಪರದೆ ಬರೋಕೆ ಬೇರೆ ಕಾರ್ಡ್ ಬೇಕು, ಈ ಒಂದು ಅಕ್ಷರದ ತಪ್ಪನ್ನು ಬಹಳ ಜನ ಮಾಡುತ್ತಾರೆ. ನಾಲ್ಕು ಸ್ಲಾಟ್‌ನ ಬೋರ್ಡ್ ತಗೊಂಡು ಮೊದಲು 32 ಜಿಬಿಯ ಎರಡು ರ‍್ಯಾಮ್ ಕಡ್ಡಿ ಹಾಕಿ, ಮುಂದೆ 128ರವರೆಗೆ ದಾರಿ ತೆರೆದಿರುತ್ತೆ. 8ರ ನಾಲ್ಕು ಕಡ್ಡಿ ಹಾಕಿದರೆ ಬೆಳೆಯೋಕೆ ಹಳೇದನ್ನು ಕಿತ್ತೆಸೆಯಬೇಕು. ಹೊಸ ಡಿಡಿಆರ್5 ಬೋರ್ಡ್‌ಗಳಲ್ಲಿ ನಾಲ್ಕು ಕಡ್ಡಿ ತುಂಬಿದರೆ ಮೆಮೊರಿಯ ವೇಗ ಇಳಿಯುತ್ತೆ, ಅಲ್ಲಿ ಎರಡೇ ದೊಡ್ಡ ಕಡ್ಡಿ ಲೇಸು. ದೊಡ್ಡ ಕ್ಯಾಬಿನೆಟ್, ದೊಡ್ಡ ಫ್ಯಾನ್. ದೂಳಿನ ಜಾಲರಿ ತೆಗೆದು ನಲ್ಲಿ ಕೆಳಗೆ ತೊಳೆಯಬಹುದು. ನಮ್ಮ ಹವೆಗೆ ಇದು ಎಲ್ಲಕ್ಕಿಂತ ಸಮಾಧಾನದ ಶರೀರ.

ಹಳೆ ಝಿಯಾನ್ (ಇಂಟೆಲ್‌ನ ಸರ್ವರ್ ದರ್ಜೆಯ ಚಿಪ್) ವರ್ಕ್‌ಸ್ಟೇಷನ್, ಉದಾಹರಣೆಗೆ ಎಚ್‌ಪಿಯ ಝಡ್440: ಅದರಲ್ಲಿ 2016ರ ಇ5-2680 ವಿ4 ಕೂತಿದ್ದರೆ ಹದಿನಾಲ್ಕು ಕೋರ್, ಎಂಟು ಸ್ಲಾಟ್. ಸರ್ವರ್‌ಗಳಿಂದ ಕಳಚಿದ ರಿಜಿಸ್ಟರ್ಡ್ ಇಸಿಸಿ (ತಪ್ಪು ತಿದ್ದಿಕೊಳ್ಳುವ) ರ‍್ಯಾಮ್ ಇದರಲ್ಲಿ ಓಡುತ್ತೆ, ಸಾದಾ ರೈಜನ್ ಬೋರ್ಡಿನಲ್ಲಿ ಓಡಲ್ಲ. ಜಿಬಿಗೆ ಇಷ್ಟು ಅಂತ ಅಳೆದರೆ ಇದನ್ನು ಮೀರಿಸೋದು ಕಷ್ಟ. ಒಂದೊಂದು ಕೋರಿನ ವೇಗ ಹಳೇ ಕಾಲದ್ದು, ಚಿಪ್ಪೇ 120 ವ್ಯಾಟ್‌ನದ್ದು. ಗೆಳೆಯನ ಮನೆಯಲ್ಲಿ ಪ್ಲಗ್ ಮೀಟರ್ ಹಾಕಿ ನೋಡಿದಾಗ ಸುಮ್ಮನೆ ಕೂತಿದ್ದೇ 70 ಎಳೆಯುತ್ತಿತ್ತು. ಸಂಜೆ ಆನ್, ಮಲಗುವಾಗ ಆಫ್ ಅನ್ನೋ ಶಿಸ್ತಿದ್ದವರಿಗೆ ಒಳ್ಳೇ ಆಯ್ಕೆ.

ರ‍್ಯಾಕ್ ಸರ್ವರ್ ನಾನೂ ತಂದಿದ್ದೆ, 2024ರ ಫೆಬ್ರವರಿಯಲ್ಲಿ. ಲಾರಿ ಪಾರ್ಸೆಲ್ ಇಳಿಸೋಕೆ ಇಬ್ಬರು ಬೇಕಾದರು. ಮೊದಲ ಸಲ ಬಟನ್ ಒತ್ತಿದಾಗ ಆರು ಫ್ಯಾನ್ ಒಟ್ಟಿಗೆ ಏರಿದ ಸದ್ದಿಗೆ ಅವ್ವ ಅಡುಗೆಮನೆಯಿಂದ ಓಡಿ ಬಂದು, "ಇದೇನು, ಹಿಟ್ಟಿನ ಗಿರಣಿ ತಂದೀಯೇನು?" ಅಂದಳು. ಮೇ ಬಂತು, ಕೋಣೆ ಕುದಿಯಿತು, ಫ್ಯಾನ್ ಇಳಿಯಲೇ ಇಲ್ಲ. ಸೊನ್ನೆ ಇರುತ್ತಿದ್ದ ಬಿಲ್ಲು ನಾಲ್ಕಂಕಿಗೆ ಏರಿದ ತಿಂಗಳು ಅಪ್ಪ ಏನೂ ಮಾತಾಡಲಿಲ್ಲ, ಬಿಲ್ಲನ್ನು ಸರ್ವರ್ ಮೇಲೆ ಅಂಟಿಸಿ ಹೋದರು. ಜೂನ್‌ನಲ್ಲಿ ಮಾರಿದೆ.

ಕೊನೆಯದು, ಬಾಡಿಗೆ ಕ್ಲೌಡ್. ಮುಂಬೈ, ಹೈದರಾಬಾದ್‌ಗಳಲ್ಲೇ ಅಮೆಜಾನ್‌ನ ಕ್ಲೌಡ್ ಎಡಬ್ಲ್ಯುಎಸ್‌ನ ಕೇಂದ್ರಗಳಿವೆ, ಗಂಟೆ ಲೆಕ್ಕದಲ್ಲಿ ದುಡ್ಡು. ವಾರಕ್ಕೆ ನಾಲ್ಕೈದು ಗಂಟೆ ಅಭ್ಯಾಸ ಮಾಡುವವರಿಗೆ ಯಂತ್ರ ಕೊಳ್ಳುವುದಕ್ಕಿಂತ ಇದೇ ಅಗ್ಗ. ಆಫ್ ಮಾಡೋಕೆ ಮರೆತರೆ ಗತಿ ಬೇರೆ. ಆಫ್ ಮಾಡಿದರೂ ಡಿಸ್ಕಿನ ಬಾಡಿಗೆ ಓಡುತ್ತಲೇ ಇರುತ್ತೆ. ವಿಎಂ ಒಳಗೆ ವಿಎಂ ಬೇಕಾದ ನೆಟ್‌ವರ್ಕ್ ಲ್ಯಾಬ್‌ನವರು, ಆರಿಸಿದ ಮಾದರಿ ಅದಕ್ಕೆ ಬಿಡುತ್ತಾ ಅಂತ ಮೊದಲೇ ನೋಡಿಕೊಳ್ಳಿ.

ಆ ಮೂವರಿಗೆ ಹೇಳಿದ್ದು

ಸಿಂಧನೂರಿನ ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಒಂದು ಸ್ಲಾಟ್ ಖಾಲಿ ಇತ್ತು. 16 ಜಿಬಿ ಕಡ್ಡಿ ಸೇರಿಸಿ 24 ಮಾಡಿಕೋ, ನೋಡ್‌ಗಳಿಗೆ ಡೆಸ್ಕ್‌ಟಾಪ್ ಇಲ್ಲದ ಲಿನಕ್ಸ್ ಹಾಕು, ಹೊಸ ಲ್ಯಾಪ್‌ಟಾಪ್ ಮಾತು ಕೆಲಸ ಸಿಕ್ಕ ಮೇಲೆ ಅಂದೆ. ಖುಷಿಯಾಗಲಿಲ್ಲ ಅವನಿಗೆ. ಹೊಸಾದು ತಗೋ ಅಂತ ಹೇಳಲಿ ಅಂತಲೇ ಕೇಳಿದ್ದ ಅನಿಸುತ್ತೆ.

ಬಳ್ಳಾರಿಯವರಿಗೆ ಸರ್ವರ್ ಬೇಡ ಅಂದೆ. ಅವರು ಅಭ್ಯಾಸಕ್ಕೆ ಕೂರೋದು ರಾತ್ರಿ ಒಂಬತ್ತರಿಂದ ಹನ್ನೆರಡು. ಆ ಮೂರು ಗಂಟೆಗೆ 128 ಜಿಬಿಯ ಝಿಯಾನ್ ವರ್ಕ್‌ಸ್ಟೇಷನ್ ಸಾಕು. ತಿಂಗಳಿಡೀ ದಿನಾ ಆ ಮೂರು ಗಂಟೆ ಓಡಿಸಿದರೂ ಹದಿನೈದು ಯೂನಿಟ್ ಮೇಲೆ ಹೋಗೋದು ಕಷ್ಟ, ಅಷ್ಟು ರಾತ್ರಿ ಬಿಸಿಲೂ ಇರಲ್ಲ. ಪರೀಕ್ಷೆ ಮುಗಿದ ಮೇಲೂ ಇಟ್ಟುಕೊಳ್ಳುವ ಆಸೆ ಇದ್ದರೆ ಮಾತ್ರ ಟವರ್ ಕಡೆ ನೋಡಿ ಅಂದೆ.

ಕೊಪ್ಪಳದವರು ಮಿನಿ ಪಿಸಿಗೆ ಒಪ್ಪಿದರು: 32 ಜಿಬಿ, 1 ಟಿಬಿ ಎಸ್‌ಎಸ್‌ಡಿ, ಫೋಟೋ ಪ್ರತಿಗೆ ಹಳೆ ಹಾರ್ಡ್ ಡಿಸ್ಕ್, ಪಕ್ಕದಲ್ಲೊಂದು ಸಣ್ಣ ಯುಪಿಎಸ್. ಹೋದ ವಾರ ಫೋನ್ ಮಾಡಿದ್ದರು, ಯಂತ್ರ ತಾನಾಗೇ ಆಫ್ ಆಗುತ್ತಿದೆ ಅಂತ. ಅಡಾಪ್ಟರ್ ತಿರುಗಿಸಿ ಹಿಂದೆ ಬರೆದ ಅಂಕಿ ಓದಿ ಅಂದೆ. ಅಂಗಡಿಯವನು 65 ವ್ಯಾಟಿನ ಯಂತ್ರಕ್ಕೆ 45ರ ಅಡಾಪ್ಟರ್ ಕೊಟ್ಟು ಕಳಿಸಿದ್ದ.